ಫಾರ್ಮಿನಲ್ಲಿ ‘ಇಲ್ಲ’ ಅಂತ ಗುರುತು ಹಾಕುವ ಮುಂಚೆ

ಪ್ರಶ್ನೆ: ನಾವು ಹಾಸನದವರು. ಜನವರಿಯಲ್ಲಿ ನಾನು, ಯಜಮಾನರು, 12 ವರ್ಷದ ಮಗಳು ಅಂಡಮಾನಿಗೆ ಹೋಗುತ್ತಿದ್ದೇವೆ. ಸಿಲಿಂಡರ್ ಕಟ್ಟಿಕೊಂಡು ನೀರಿನಡಿ ಇಳಿಯುವ ಸ್ಕೂಬಾ ಮಾಡಬೇಕು ಅನ್ನೋದು ಮಗಳಿಗಿಂತ ನನಗೇ ಜಾಸ್ತಿ ಆಸೆ. ಆದರೆ ನನಗೆ 41 ವರ್ಷ, ಈಜು ಬರುವುದಿಲ್ಲ. ಚಿಕ್ಕಂದಿನಿಂದ ಉಬ್ಬಸ ಇದೆ. ಈಗ ಅಷ್ಟೊಂದು ಕಾಟವಿಲ್ಲ, ಆದರೂ ಚಳಿಗಾಲದಲ್ಲಿ ತಿಂಗಳಿಗೆ ಎರಡು ಮೂರು ಸಲ ಇನ್‌ಹೇಲರ್ ಬೇಕಾಗುತ್ತದೆ. ಪ್ಯಾಕೇಜಿನವರನ್ನು ಕೇಳಿದರೆ “ಕಾಯಿಲೆ ಇದೆಯಾ ಅಂತ ಕೇಳುವ ಫಾರ್ಮಿನಲ್ಲಿ ಎಲ್ಲದಕ್ಕೂ ಇಲ್ಲ ಅಂತ ಹಾಕಿ ಮೇಡಂ, ಎಲ್ಲರೂ ಹಾಗೇ ಮಾಡೋದು” ಅಂದರು. ಅವರು ಡೈವಿಂಗ್ ಇಟ್ಟಿರುವುದು ಕೊನೆಯ ದಿನ ಬೆಳಿಗ್ಗೆ 7ಕ್ಕೆ, ಹ್ಯಾವ್‌ಲಾಕ್ ದ್ವೀಪದಲ್ಲಿ. ಅದೇ ದಿನ ಮಧ್ಯಾಹ್ನ 3ಕ್ಕೆ ಪೋರ್ಟ್ ಬ್ಲೇರ್‌ನಿಂದ ವಿಮಾನ. ಹೋದ ವರ್ಷ ನನ್ನ ತಮ್ಮ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಡೈವ್ ಮಾಡಿ ಮೇಲೆ ಬಂದಾಗ ಅವನ ಮಾಸ್ಕ್ ಒಳಗೆ ರಕ್ತ ಇತ್ತು. ಆ ಫೋಟೋ ನೋಡಿದಾಗಿನಿಂದ ಅಮ್ಮ ಬೇಡವೇ ಬೇಡ ಅನ್ನುತ್ತಿದ್ದಾರೆ. ಭಾವನವರದ್ದು ಇನ್ನೊಂದು ಮಾತು: ಅಲ್ಲಿ ಹವಳ ಎಲ್ಲ ಸತ್ತು ಬಿಳೀ ಕಲ್ಲಾಗಿದೆ, ದುಡ್ಡು ದಂಡ ಅಂತ. ನಾನು ನೀರಿಗೆ ಇಳಿಯಬಹುದಾ?

ಉತ್ತರ: ಮೊದಲು ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತೇನೆ. ಇವತ್ತಿನ ಸ್ಥಿತಿಯಲ್ಲಿ, ಪರೀಕ್ಷೆ ಮಾಡಿಸದೆ, ನೀವು ಸಿಲಿಂಡರ್ ಹಾಕಿಕೊಂಡು ಇಳಿಯಬೇಡಿ. ಪರೀಕ್ಷೆ ಮಾಡಿಸಿದ ಮೇಲೆ ಇಳಿಯಬಹುದೇನೋ. ಅದಕ್ಕೆ ಇನ್ನೂ ಸಮಯ ಇದೆ. ಮಗಳು ಮತ್ತು ಯಜಮಾನರು ಆರೋಗ್ಯವಾಗಿದ್ದರೆ ಧಾರಾಳವಾಗಿ ಇಳಿಯಲಿ. ಆದರೆ ಕೊನೆಯ ದಿನ ಬೇಡ.

ನೇತ್ರಾಣಿ ಮತ್ತು ಅಂಡಮಾನ್ ಎರಡೂ ಕಡೆ ಹೊಸಬರನ್ನು ನೀರಿಗೆ ಇಳಿಸುವ ಕೆಲಸ ಮಾಡಿದವನು ನಾನು. ದೋಣಿ ಹತ್ತುವಾಗ ಜನ ಕೇಳುವ ಪ್ರಶ್ನೆ ಎರಡೇ. ಶಾರ್ಕ್ ಇದೆಯಾ? ಈಜು ಬರದಿದ್ದರೆ ಮುಳುಗಿ ಹೋಗ್ತೀನಾ? ನಾನು ಹೆದರುವ ವಿಷಯಗಳನ್ನು ಯಾರೂ ಕೇಳುವುದಿಲ್ಲ. ನೀವು ಕೇಳಿದ್ದೀರಿ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಈಜಿನ ವಿಷಯ ಬೇಗ ಮುಗಿಸೋಣ. ಒಂದು ದಿನದ ಪರಿಚಯದ ಡೈವ್‌ಗೆ ಈಜು ಬರಲೇಬೇಕೆಂದಿಲ್ಲ. ತರಬೇತುದಾರ ನಿಮ್ಮ ಜಾಕೆಟ್ ಹಿಡಿದುಕೊಂಡೇ ಇರುತ್ತಾನೆ. 12 ಮೀಟರಿಗಿಂತ ಕೆಳಗೆ ಕರೆದೊಯ್ಯುವ ಹಾಗಿಲ್ಲ. ಸರ್ಟಿಫಿಕೇಟ್ ಕೋರ್ಸ್ ಮಾಡುವವರಿಗೆ ಮಾತ್ರ 200 ಮೀಟರ್ ಈಜು, 10 ನಿಮಿಷ ತೇಲುವ ಪರೀಕ್ಷೆ ಇದೆ. ಶಾರ್ಕ್ ಕೂಡ ಅಷ್ಟೇ. ಹವಳದ ಸುತ್ತ ಇರುವ ಚಿಕ್ಕ ಶಾರ್ಕ್‌ಗಳು ನಮ್ಮನ್ನು ಕಂಡರೆ ಜಾಗ ಖಾಲಿ ಮಾಡುತ್ತವೆ. ಅಂಡಮಾನಿನಲ್ಲಿ ನಿಜಕ್ಕೂ ಎಚ್ಚರ ಬೇಕಾಗಿರುವುದು ಉಪ್ಪುನೀರಿನ ಮೊಸಳೆ ಬಗ್ಗೆ. 2010ರಲ್ಲಿ ಹ್ಯಾವ್‌ಲಾಕ್‌ನ ರಾಧಾನಗರ ಬೀಚಿನ ಪಕ್ಕದಲ್ಲೇ ಒಬ್ಬ ಪ್ರವಾಸಿ ಮೊಸಳೆಗೆ ಬಲಿಯಾದರು. ಎಚ್ಚರಿಕೆ ಬೋರ್ಡ್ ಇರುವ ಕಡೆ, ಕಾಂಡ್ಲಾ ಗಿಡಗಳಿರುವ ಹಿನ್ನೀರಿನ ಕಡೆ ಕಾಲಿಡಬೇಡಿ.

ಈಗ ಉಬ್ಬಸಕ್ಕೆ ಬರೋಣ.

ಬೆನ್ನಿಗೆ ಕಟ್ಟುವುದನ್ನು ಎಲ್ಲರೂ ಆಕ್ಸಿಜನ್ ಸಿಲಿಂಡರ್ ಅನ್ನುತ್ತಾರೆ. ಹಾಗಾಗಿ ಉಬ್ಬಸ ಇದ್ದವರಿಗೆ ಅದು ಒಳ್ಳೇದೇ ಅಲ್ವಾ ಅಂತ ನನ್ನನ್ನೇ ಕೇಳಿದವರಿದ್ದಾರೆ. ಅದರಲ್ಲಿರುವುದು ನಾವು ಮನೆಯಲ್ಲಿ ಉಸಿರಾಡುವ ಗಾಳಿಯೇ. ಆಮ್ಲಜನಕ 21 ಭಾಗ, ಉಳಿದದ್ದು ಹೆಚ್ಚುಕಡಿಮೆ ಪೂರ್ತಿ ಸಾರಜನಕ. ಅದನ್ನು ಸುಮಾರು 200 ಬಾರ್ ಒತ್ತಡಕ್ಕೆ ಒತ್ತಿ ತುಂಬಿರುತ್ತಾರೆ. ತುಂಬುವಾಗ ಗಾಳಿಯಲ್ಲಿರುವ ತೇವವನ್ನೆಲ್ಲ ತೆಗೆದುಬಿಡುತ್ತಾರೆ. ಹಾಗಾಗಿ ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರಿನಿಂದ ಬರುವ ಗಾಳಿ ಒಣದು, ತಣ್ಣಗಿನದು. ಡಿಸೆಂಬರ್ ಬೆಳಿಗ್ಗೆ ಹಾಸನದಲ್ಲಿ ಬಾಗಿಲು ತೆಗೆದಾಗ ಎದೆಗೆ ಹೊಡೆಯುವ ಗಾಳಿ ಇರುತ್ತದಲ್ಲ, ಬೇಕಾದರೆ ಹಾಗೆ ಅಂದುಕೊಳ್ಳಿ. ಜೊತೆಗೆ ಬಾಯಿಯ ಮೂಲೆಯಿಂದ ಉಪ್ಪುನೀರಿನ ಹನಿ ಒಳಗೆ ಹೋಗುತ್ತದೆ. 10 ಮೀಟರ್ ಆಳದಲ್ಲಿ ಗಾಳಿ ಎರಡು ಪಟ್ಟು ದಟ್ಟ ಇರುವುದರಿಂದ ಎಳೆಯಲು ಶ್ರಮವೂ ಜಾಸ್ತಿ. ಒಣ ಗಾಳಿ, ಉಪ್ಪು ಹನಿ, ಶ್ರಮ, ಮೇಲಿಂದ ಗಾಬರಿ. ಉಬ್ಬಸ ಎಬ್ಬಿಸುವ ನಾಲ್ಕೂ ಒಂದೇ ಕಡೆ ಸೇರುತ್ತವೆ.

ಆದರೆ ದೊಡ್ಡ ಅಪಾಯ ಇರುವುದು ಮೇಲೆ ಬರುವಾಗ. ನೀರಿನ ಮೇಲೆ ಇರುವ ಒತ್ತಡ 10 ಮೀಟರ್ ಆಳದಲ್ಲಿ ಎರಡು ಪಟ್ಟಾಗುತ್ತದೆ. ಅಲ್ಲಿ ಪುಗ್ಗೆಯೊಂದನ್ನು ಊದಿ ಗಂಟು ಹಾಕಿ ಮೇಲೆ ಬಿಟ್ಟರೆ, ನೀರಿನ ಮೇಲ್ಮೈಗೆ ಬರುವಷ್ಟರಲ್ಲಿ ಅದು ಎರಡರಷ್ಟು ಹಿಗ್ಗುತ್ತದೆ. ನಮ್ಮ ಶ್ವಾಸಕೋಶವೂ ಹಾಗೇ. ಬಿಡದೆ ಉಸಿರಾಡುತ್ತಿದ್ದರೆ ಹಿಗ್ಗಿದ ಗಾಳಿ ಹೊರಗೆ ಹೋಗುತ್ತದೆ, ಏನೂ ತೊಂದರೆಯಿಲ್ಲ. ಉಸಿರು ಕಟ್ಟಿಕೊಂಡರೆ ಶ್ವಾಸಕೋಶ ಹರಿಯಬಹುದು. ಎದೆ ತುಂಬ ಉಸಿರಿದ್ದಾಗ ಒಂದೂವರೆ ಮೀಟರಿನಷ್ಟು ಏರಿದರೂ ಸಾಕು. ಗಾಳಿ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋಗಬಹುದು. ಅದಕ್ಕೇ ಸ್ಕೂಬಾದಲ್ಲಿ ಮೊದಲ ಪಾಠ, ಕೊನೆಯ ಪಾಠ ಎರಡೂ ಒಂದೇ: ಉಸಿರು ಹಿಡಿಯಬೇಡಿ. ಉಬ್ಬಸ ಎದ್ದಾಗ ಆಗುವುದೇನು? ಸಣ್ಣ ಸಣ್ಣ ಕೊಳವೆಗಳು ಬಿಗಿದುಕೊಂಡು ಗಾಳಿ ಒಳಗೇ ಸಿಕ್ಕಿಕೊಳ್ಳುತ್ತದೆ. ನೀವು ಉಸಿರು ಹಿಡಿದಿರುವುದಿಲ್ಲ, ಆದರೆ ನಿಮ್ಮ ಎದೆ ಹಿಡಿದುಕೊಂಡಿರುತ್ತದೆ.

ಒಂದು ಘಟನೆ ಹೇಳುತ್ತೇನೆ. ಇದಾಗಿ ಕೆಲವು ವರ್ಷಗಳಾದವು. ಸುಮಾರು 30ರ ಹುಡುಗ, ಗಟ್ಟಿಮುಟ್ಟಾಗಿದ್ದ. ಫಾರ್ಮಿನಲ್ಲಿ ಎಲ್ಲದಕ್ಕೂ ಇಲ್ಲ ಅಂತ ಗುರುತು ಹಾಕಿದ್ದ. ಹಗ್ಗ ಹಿಡಿದು ನಾಲ್ಕು ಮೀಟರ್ ಇಳಿದೆವು. ನೀರಿನಡಿ ಮಾತಿಲ್ಲ, ಹಾಗಾಗಿ ನಾನು ನೋಡುವುದು ಗುಳ್ಳೆಗಳನ್ನು. ನೆಮ್ಮದಿಯಾಗಿರುವವರ ಗುಳ್ಳೆ ಒಂದು ಉದ್ದ ಸರ ಬಿಟ್ಟ ಹಾಗೆ ಬರುತ್ತದೆ, ಆಮೇಲೆ ಸ್ವಲ್ಪ ಬಿಡುವು, ಮತ್ತೆ ಒಂದು ಸರ. ಇವನದ್ದು ಚೂರು ಚೂರಾಗಿ, ಬಿಡುವೇ ಇಲ್ಲದೆ ಬರುತ್ತಿತ್ತು. ಕೈ ಎದೆ ಮೇಲೆ ಹೋಯಿತು. ಮಾಸ್ಕಿನೊಳಗೆ ಕಣ್ಣು ದೊಡ್ಡದಾಗಿತ್ತು. ಒಂದು ಕೈಯಲ್ಲಿ ಅವನ ಜಾಕೆಟ್ ಹಿಡಿದು, ಇನ್ನೊಂದು ಕೈಯಲ್ಲಿ ‘ಊದು, ಊದು’ ಅಂತ ಸನ್ನೆ ಮಾಡುತ್ತಾ ಮೆಲ್ಲಗೆ ಮೇಲೆ ತಂದೆ. ನಾಲ್ಕು ಮೀಟರ್ ಅಷ್ಟು ದೂರ ಅಂತ ನನಗೆ ಅವತ್ತೇ ಗೊತ್ತಾಗಿದ್ದು. ದೋಣಿಗೆ ಎತ್ತಿದಾಗ ತುಟಿ ನೀಲಿಗಟ್ಟಿತ್ತು. ಇನ್‌ಹೇಲರ್ ಎಲ್ಲಿ ಅಂದರೆ ದಡದಲ್ಲಿ, ಲಾಡ್ಜ್‌ನ ರೂಮಿನಲ್ಲಿ. ದಡಕ್ಕೆ ಒಂದು ಗಂಟೆಗೂ ಜಾಸ್ತಿ ಹಾದಿ. ಅದೇ ದೋಣಿಯಲ್ಲಿದ್ದ ಒಬ್ಬ ಹೆಂಗಸಿನ ಬ್ಯಾಗಿನಲ್ಲಿ ಅದೇ ಔಷಧಿ ಇತ್ತು, ಅವನು ಉಳಿದ. ಚೇತರಿಸಿಕೊಂಡ ಮೇಲೆ ಅವನು ಹೇಳಿದ್ದು ಇಷ್ಟೇ: “ಇದೆ ಅಂತ ಬರೆದರೆ ಇಳಿಸಲ್ಲ ಅಂದ್ರು ಸಾರ್.”

ಆ ಫಾರ್ಮನ್ನು ಜನ ಸುಮ್ನೆ ಕಾಗದ ಅಂದುಕೊಳ್ಳುತ್ತಾರೆ. ನೀರಿನಡಿ ನಿಮ್ಮನ್ನು ಹಿಡಿದುಕೊಂಡವನಿಗೆ ನಿಮ್ಮ ಬಗ್ಗೆ ಗೊತ್ತಿರುವುದು ಆ ಒಂದು ಹಾಳೆಯಲ್ಲಿರುವಷ್ಟೇ. ಇದೆ ಅಂತ ಗೊತ್ತಿದ್ದರೆ ನಾನು ಅವತ್ತು ಅವನನ್ನು ಇಳಿಸುತ್ತಿರಲಿಲ್ಲ. ಸುಳ್ಳು ಬರೆಯಿರಿ ಅಂತ ಹೇಳಿಕೊಡುವವರ ಜೊತೆ ನಿಮ್ಮ ಮಗಳನ್ನೂ ಕಳಿಸಬೇಡಿ. ಉಳಿದ ವಿಷಯದಲ್ಲಿ ಅವರು ಎಷ್ಟು ಜಾಗ್ರತೆ ಮಾಡುತ್ತಾರೆ ಅನ್ನುವುದಕ್ಕೆ ಈ ಒಂದು ಮಾತೇ ಸಾಕು.

ಹಾಗಂತ ಉಬ್ಬಸ ಇರುವ ಯಾರೂ ಡೈವ್ ಮಾಡಲೇಬಾರದು ಅನ್ನುವುದು ಹಳೆಯ ಮಾತು. ಈಗ ವೈದ್ಯರು ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ನೋಡುತ್ತಾರೆ. ಚಳಿಗೆ, ಓಡಿದರೆ, ಗಾಬರಿಗೆ ಉಬ್ಬಸ ಏಳುವವರಿಗೆ ಬೇಡ ಅನ್ನುತ್ತಾರೆ. ಧೂಳಿಗೋ ಪರಾಗಕ್ಕೋ ಅಪರೂಪಕ್ಕೆ ಏಳುವವರು, ಔಷಧಿಯಲ್ಲಿ ಹದ್ದುಬಸ್ತಿನಲ್ಲಿ ಇರುವವರು, ಊದುವ ಪರೀಕ್ಷೆಯಲ್ಲಿ ಸರಿ ಬಂದವರು ಇಳಿಯಬಹುದು. ನಿಮ್ಮದು ಚಳಿಗಾಲದಲ್ಲಿ ಏಳುವ ಉಬ್ಬಸ. ನಿಮ್ಮ ಪತ್ರದಲ್ಲಿ ನನಗೆ ಕಾಡಿದ್ದು ಇದೇ. ಶ್ವಾಸಕೋಶದ ಡಾಕ್ಟರ ಹತ್ತಿರ ಹೋಗಿ ಸ್ಪೈರೋಮೆಟ್ರಿ, ಅಂದರೆ ಆ ಊದುವ ಪರೀಕ್ಷೆ, ಮಾಡಿಸಿ. ಓಡಿಸಿ ಅಥವಾ ಮೆಟ್ಟಿಲು ಹತ್ತಿಸಿ ಆಮೇಲೆ ಮತ್ತೊಮ್ಮೆ ಊದಿಸಲಿ. ಸ್ಕೂಬಾಕ್ಕೆ ಅಂತಲೇ ಬಾಯಿಬಿಟ್ಟು ಹೇಳಿ. ‘ಫಿಟ್ ಇದ್ದೀನಾ’ ಅಂತ ಮಾತ್ರ ಕೇಳಿದರೆ ಅವರು ಬೇರೆಯೇ ಲೆಕ್ಕದಲ್ಲಿ ಹೂಂ ಅಂದುಬಿಡಬಹುದು. ಅವರು ಬರೆದುಕೊಟ್ಟರೂ ಡೈವ್‌ಗೆ ಹಿಂದಿನ 48 ಗಂಟೆಯಲ್ಲಿ ತಕ್ಷಣಕ್ಕೆ ಹೊಡೆದುಕೊಳ್ಳುವ ಇನ್‌ಹೇಲರ್ ಬೇಕಾಗಿದ್ದರೆ ಅವತ್ತು ಇಳಿಯಬಾರದು. ಮುಂಜಾಗ್ರತೆ ಅಂತ ಎರಡು ಸಲ ಹೊಡೆದುಕೊಂಡು ಇಳಿಯುತ್ತೇನೆ ಅನ್ನುವುದೂ ಬೇಡ. ನೀರಿನಡಿ ಅದರ ಗುಣ ಇಳಿದರೆ ನೀವು ಒಬ್ಬರೇ.

ನಿಮ್ಮ ತಮ್ಮನ ರಕ್ತದ ಕಥೆ ಕೇಳಿ ಅಮ್ಮ ಹೆದರಿದ್ದು ಸಹಜ. ಮಾಸ್ಕ್ ಒಳಗೆ ರಕ್ತ ಕಂಡರೆ ಯಾರಿಗಾದರೂ ಜೀವ ಝಲ್ ಅನ್ನುತ್ತದೆ. ಆದರೆ ಇದು ಸಾಮಾನ್ಯವಾಗಿ ಮೂಗಿನ ಪಕ್ಕದ ಗೂಡುಗಳಿಂದ ಬಂದ ರಕ್ತ, ಮಿದುಳಿಗೂ ಅದಕ್ಕೂ ಸಂಬಂಧವಿಲ್ಲ. ಅವನಿಗೆ ಅವತ್ತು ಸಣ್ಣಗೆ ನೆಗಡಿ ಇತ್ತಾ ಕೇಳಿ ನೋಡಿ. ಘಟ್ಟ ಇಳಿಯುವಾಗ ಕಿವಿ ಕಟ್ಟಿಕೊಳ್ಳುತ್ತದಲ್ಲ, ಶಿರಾಡಿ ಘಟ್ಟ ಇಳಿದು ಮಂಗಳೂರಿಗೆ ಹೋದ ನಿಮಗೆ ಗೊತ್ತೇ ಇದೆ. ಅಲ್ಲಿ ನೂರಾರು ಮೀಟರ್ ಇಳಿದಾಗ ಆಗುವ ಒತ್ತಡದ ವ್ಯತ್ಯಾಸ ನೀರಿನಲ್ಲಿ ಒಂದು ಮೀಟರಿಗೇ ಆಗುತ್ತದೆ. ನೆಗಡಿಯಿಂದ ದಾರಿ ಕಟ್ಟಿದ್ದರೆ ಒಳಗಿನ ಗೂಡುಗಳಿಗೆ ಗಾಳಿ ಹೋಗುವುದಿಲ್ಲ, ಅಲ್ಲಿನ ಸಣ್ಣ ರಕ್ತನಾಳ ಒಡೆಯುತ್ತದೆ. ತಾನಾಗಿ ವಾಸಿಯಾಗುತ್ತದೆ, ಆದರೆ ನೋವು ಉಳಿದರೆ ಡಾಕ್ಟರಿಗೆ ತೋರಿಸಬೇಕು.

ಕಿವಿಗೂ ಇದೇ ತತ್ವ. ಮೂಗು ಹಿಡಿದು ಮೆಲ್ಲಗೆ ಊದಿದರೆ ಕಿವಿಯಲ್ಲಿ ‘ಟಪ್’ ಅಂತ ತೆರೆದುಕೊಳ್ಳುತ್ತದೆ. ಹೊಸಬರು ಮಾಡುವ ತಪ್ಪು ಅಂದರೆ ನೋವು ಬರಲಿ, ಆಮೇಲೆ ಊದೋಣ ಅಂತ ಕಾಯುವುದು. ನೋವು ಬಂದಾಗ ತಡವಾಗಿರುತ್ತದೆ, ಆಗ ಜೋರಾಗಿ ಊದಿದರೆ ತಮಟೆಗೇ ಪೆಟ್ಟು. ನಾನು ಹಗ್ಗದ ಮೇಲೆ ಅರ್ಧ ಅರ್ಧ ಮೀಟರಿಗೆ ನಿಲ್ಲಿಸಿ ಊದಿಸುತ್ತೇನೆ. ನಿಲ್ಲಿಸುವುದು ಅವಮಾನ ಅಂತ ಕೆಲವರು ನೋವನ್ನು ನುಂಗಿಕೊಂಡು ‘ಓಕೆ’ ಅಂತ ಸನ್ನೆ ಮಾಡುತ್ತಾರೆ. ಮಗಳಿಗೆ ಇದನ್ನು ಮನೆಯಲ್ಲೇ ಹೇಳಿಕೊಡಿ: ನೋವಾದರೆ ಕಿವಿ ತೋರಿಸಬೇಕು, ಸ್ವಲ್ಪ ಮೇಲೆ ಬರಬೇಕು, ಯಾರು ಏನಂದುಕೊಂಡರೂ ಪರವಾಗಿಲ್ಲ. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಅಡ್ಡಿಯಿಲ್ಲ, 10 ತುಂಬಿದ ಮಕ್ಕಳು ಇಳಿಯಬಹುದು. ಹೊರಡುವ ವಾರ ನೆಗಡಿ ಆದರೆ ಮಾತ್ರ ಇಳಿಯುವುದು ಬೇಡ. ಮಾತ್ರೆ ನುಂಗಿ ಮೂಗು ಬಿಡಿಸಿಕೊಂಡು ಇಳಿದರೆ ಅದರ ಗುಣ ನೀರಿನಡಿ ಮುಗಿದು, ಮೇಲೆ ಬರುವಾಗ ಗಾಳಿ ಒಳಗೆ ಸಿಕ್ಕಿಕೊಳ್ಳುತ್ತದೆ. ಅದು ಇಳಿಯುವಾಗಿನ ನೋವಿಗಿಂತ ಕೆಟ್ಟದ್ದು, ಯಾಕೆಂದರೆ ಮೇಲೆ ಬರದೆ ಇರಲು ಆಗುವುದಿಲ್ಲ.

ವಿಮಾನದ ವಿಷಯದಲ್ಲಿ ನಿಮ್ಮ ಪ್ಯಾಕೇಜಿನವರು ಮಾಡಿರುವುದು ತಪ್ಪು. ಆಳದಲ್ಲಿ ಉಸಿರಾಡಿದ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಕರಗಿರುತ್ತದೆ. ಮೇಲೆ ಬಂದ ಮೇಲೆ ಗಂಟೆಗಟ್ಟಲೆ ನಿಧಾನವಾಗಿ ಹೊರಗೆ ಹೋಗುತ್ತದೆ. ಅಷ್ಟರೊಳಗೆ ಒತ್ತಡ ಇನ್ನೂ ಕಡಿಮೆಯಾದರೆ, ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ, ಒಳಗೇ ಗುಳ್ಳೆ ಏಳಬಹುದು. ಕೀಲು ನೋವು, ಜೋಮು, ಸುಸ್ತು, ಹೆಚ್ಚಾದರೆ ಕೈಕಾಲಿನ ಸ್ವಾಧೀನ ತಪ್ಪುವುದು, ಇವು ಅದರ ಲಕ್ಷಣ. ವಿಮಾನದ ಒಳಗಿನ ಒತ್ತಡ 1,800ರಿಂದ 2,400 ಮೀಟರ್ ಎತ್ತರದ ಬೆಟ್ಟದ ಮೇಲಿದ್ದ ಹಾಗೆ. ಅಂದರೆ ಹೆಚ್ಚುಕಡಿಮೆ ಮುಳ್ಳಯ್ಯನಗಿರಿಯ ತುದಿ, ಇಲ್ಲವೇ ಅದಕ್ಕಿಂತ ಮೇಲೆ. ಒಂದೇ ಡೈವ್ ಆದರೆ ವಿಮಾನಕ್ಕೆ ಮುಂಚೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಸತತ ದಿನಗಳ ಡೈವ್ ಆದರೆ 18 ಗಂಟೆ ಬಿಡಬೇಕು ಅನ್ನುವುದು ಡೈವಿಂಗ್ ವೈದ್ಯರ ಸಲಹೆ. ನಾನು ಎಲ್ಲರಿಗೂ ಒಂದು ಪೂರ್ತಿ ದಿನ ಅನ್ನುತ್ತೇನೆ. ನಿಮ್ಮ ಪಟ್ಟಿಯಲ್ಲಿ ಸಿಗುವುದು ಏಳೋ ಎಂಟೋ ಗಂಟೆ. ಅರ್ಧ ಗಂಟೆಯ, ಹೆಚ್ಚು ಆಳವಿಲ್ಲದ ಡೈವ್‌ನಿಂದ ತೊಂದರೆ ಆಗುವ ಸಾಧ್ಯತೆ ಕಡಿಮೆ ಅನ್ನುವುದು ನಿಜ. ಆದರೆ ದಿನದ ಕ್ರಮ ಬದಲಾಯಿಸಿದರೆ ತಪ್ಪಿಸಬಹುದಾದ ಅಪಾಯವನ್ನು ಯಾಕೆ ಮೈಮೇಲೆ ಹಾಕಿಕೊಳ್ಳಬೇಕು?

ಇಲ್ಲೇ ಒಂದು ಮಾತು, ನಿಮ್ಮ ತಮ್ಮನಂಥವರಿಗೆ. ನೇತ್ರಾಣಿಯಲ್ಲಿ ಡೈವ್ ಮಾಡಿ ಅದೇ ಸಂಜೆ ಬಸ್ ಹತ್ತಿ ಬೆಂಗಳೂರಿಗೆ ಹೊರಡುವವರು ಬಹಳ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಘಟ್ಟ ಹತ್ತುವುದೂ ಸಣ್ಣ ವಿಮಾನ ಪ್ರಯಾಣವೇ. ಮುರುಡೇಶ್ವರದಲ್ಲಿ ಒಂದು ರಾತ್ರಿ ಉಳಿದು, ಬೆಳಿಗ್ಗೆ ದೇವಸ್ಥಾನ ನೋಡಿಕೊಂಡು ಹೊರಟರೆ ಆಯಿತು.

ಇನ್ನು ಭಾವನವರ ಮಾತು. ಅರ್ಧ ನಿಜ, ಆ ಅರ್ಧ ನೋವಿನದ್ದು. ಹವಳ ಕಲ್ಲಲ್ಲ, ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಿದ್ದು, ಬಿಸಿಲಿನಲ್ಲಿ ಅಡುಗೆ ಮಾಡಿ ಹವಳಕ್ಕೂ ಬಡಿಸುತ್ತದೆ. ಬಣ್ಣದಲ್ಲಿ ಹೆಚ್ಚಿನ ಪಾಲು ಆ ಪಾಚಿಯದ್ದೇ. ಬೇಸಿಗೆಯಲ್ಲಿ ನೀರು ಮಾಮೂಲಿಗಿಂತ ಒಂದು ಡಿಗ್ರಿ ಜಾಸ್ತಿ ಬಿಸಿಯಾಗಿ ಕೆಲವು ವಾರ ಹಾಗೇ ನಿಂತರೆ ಹವಳ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಅಂಡಮಾನಿನಲ್ಲಿ 2010ರಲ್ಲಿ ಹೀಗೆ ದೊಡ್ಡದಾಗಿ ಆಯಿತು, 2016ರಲ್ಲೂ ಆಯಿತು. 2024ರಲ್ಲಿ ಜಗತ್ತಿನ ಸಮುದ್ರಗಳಲ್ಲೆಲ್ಲ ಆಯಿತು. ಆದರೆ ಬಿಳಿ ಅಂದರೆ ಸತ್ತಿದೆ ಅಂತಲ್ಲ, ಉಪವಾಸ ಬಿದ್ದಿದೆ ಅಂತ. ನೀರು ಬೇಗ ತಣ್ಣಗಾದರೆ ಪಾಚಿ ವಾಪಸು ಬರುತ್ತದೆ. ನಿಜವಾಗಿ ಸತ್ತ ಹವಳ ಬೆಳ್ಳಗೆ ಉಳಿಯುವುದಿಲ್ಲ, ಅದರ ಮೇಲೆ ಕಂದು, ಹಸಿರು ಲೋಳೆ ಹತ್ತುತ್ತದೆ. ಕವಲು ಕವಲಾಗಿ ಬೆಳೆಯುವ ಜಾತಿಗಳು ಬೇಗ ಸೋತವು. ಗುಂಡುಕಲ್ಲಿನ ಹಾಗಿರುವ ದೊಡ್ಡ ಹವಳಗಳು ಬಹಳ ಕಡೆ ತಡೆದುಕೊಂಡಿವೆ. ಅವುಗಳ ಸುತ್ತ ಇವತ್ತಿಗೂ ಮೀನಿನ ಸಂತೆ. ಗಿಳಿಮೀನು ಹವಳ ಕೆರೆಯುವ ‘ಕರ್ ಕರ್’ ಸದ್ದು ನೀರಿನಡಿ ಸ್ಪಷ್ಟವಾಗಿ ಕೇಳುತ್ತದೆ, ನಾವು ಹುರಿಗಡಲೆ ಅಗಿದ ಹಾಗೆ. ನೋಡಲು ಏನೂ ಇಲ್ಲ ಅನ್ನುವುದು ಸುಳ್ಳು.

ಗುಂಡು ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚುಕಡಿಮೆ ಒಂದು ಸೆಂಟಿಮೀಟರ್. ನಮ್ಮ ಎತ್ತರದ ಒಂದು ಹವಳ ಅಂದರೆ ನಮ್ಮ ಅಜ್ಜನ ಅಜ್ಜನ ಕಾಲದ್ದು. ಕಾಲಿಗೆ ಕಟ್ಟಿದ ರೆಕ್ಕೆ ತಗುಲಿದರೆ ಅದರ ಮೈ ಕಿತ್ತು ಬರುತ್ತದೆ. ಫೋಟೋಗಾಗಿ ಹವಳ ಹಿಡಿದುಕೊಂಡು ನಿಲ್ಲುವವರನ್ನು ಕಂಡರೆ ನನಗೆ ಈಗಲೂ ಹೊಟ್ಟೆ ಕಿವುಚುತ್ತದೆ. ದಯವಿಟ್ಟು ಮುಟ್ಟಬೇಡಿ, ಮೇಲೆ ನಿಲ್ಲಬೇಡಿ. ಸನ್‌ಸ್ಕ್ರೀನ್ ಮೆತ್ತಿಕೊಂಡು ಇಳಿಯುವ ಬದಲು ತುಂಬುತೋಳಿನ ಈಜು ಅಂಗಿ ಹಾಕಿಕೊಳ್ಳಿ. ದಡದಲ್ಲಿ ಬಿದ್ದಿರುವ ಹವಳದ ಚೂರನ್ನೂ ಬ್ಯಾಗಿಗೆ ಹಾಕಬೇಡಿ. ಹವಳಕ್ಕೆ ವನ್ಯಜೀವಿ ಕಾಯ್ದೆಯಲ್ಲಿ ಹುಲಿಗೆ ಇರುವಂಥದ್ದೇ ರಕ್ಷಣೆ ಇದೆ, ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸಿಕ್ಕಿಬೀಳುತ್ತದೆ.

ನಿಮಗೆ ನನ್ನ ಸಲಹೆ ಇದು. ಪ್ರವಾಸದ ಮೊದಲ ಭಾಗಕ್ಕೇ ಹ್ಯಾವ್‌ಲಾಕ್ ಇಟ್ಟುಕೊಳ್ಳಿ. ಅದರ ಈಗಿನ ಹೆಸರು ಸ್ವರಾಜ್ ದ್ವೀಪ. ಮಗಳು, ಯಜಮಾನರು ಅಲ್ಲಿ ಇಳಿಯಲಿ. ಒಬ್ಬ ತರಬೇತುದಾರನಿಗೆ ಒಬ್ಬರೇ ಇರಬೇಕು, ಇಬ್ಬರನ್ನು ಹಿಡಿದುಕೊಳ್ಳುತ್ತೇನೆ ಅಂದರೆ ಬೇಡ ಅನ್ನಿ. ದೋಣಿಯಲ್ಲಿ ಆಮ್ಲಜನಕದ ಕಿಟ್ ಇದೆಯಾ, ತೋರಿಸಿ ಅಂತ ಕೇಳಿ. ಇದು ಬೆನ್ನಿನ ಸಿಲಿಂಡರ್ ಅಲ್ಲ, ಅವಘಡ ಆದಾಗ ಕೊಡುವ ನಿಜವಾದ ಆಮ್ಲಜನಕ.

ಕೊನೆಯ ಎರಡು ದಿನ ಪೋರ್ಟ್ ಬ್ಲೇರ್‌ನಲ್ಲಿರಿ. ಅದರ ಈಗಿನ ಹೆಸರು ಶ್ರೀ ವಿಜಯಪುರಂ. ಅಲ್ಲಿಂದ ವಂಡೂರಿಗೆ ಹೋಗಿ. 1983ರಲ್ಲಿ ಆದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ಬಾಗಿಲು ಅದು. ದ್ವೀಪಗಳು, ನಡುವಿನ ಕಾಲುವೆಗಳು, ಹವಳ ಎಲ್ಲ ಸೇರಿ 281 ಚದರ ಕಿಲೋಮೀಟರ್. ಜನವರಿಯಲ್ಲಿ ಜಾಲಿ ಬಾಯ್ ದ್ವೀಪ ತೆರೆದಿರುತ್ತದೆ. ಮಳೆಗಾಲದ ಕಡೆಗೆ ಅದನ್ನು ಮುಚ್ಚಿ ರೆಡ್ ಸ್ಕಿನ್ ದ್ವೀಪ ತೆರೆಯುತ್ತಾರೆ, ಎರಡಕ್ಕೂ ಬಿಡುವು ಸಿಗಲಿ ಅಂತ. ಅರಣ್ಯ ಇಲಾಖೆಯ ಪರವಾನಗಿ ಬೇಕು, ಸೋಮವಾರ ರಜೆ, ಪ್ಲಾಸ್ಟಿಕ್ ಒಯ್ಯುವ ಹಾಗಿಲ್ಲ. ದ್ವೀಪದಲ್ಲಿ ಅಂಗಡಿ ಇಲ್ಲ, ಸ್ಟೀಲ್ ಡಬ್ಬಿಯಲ್ಲಿ ಚಪಾತಿ ಪಲ್ಯ ಕಟ್ಟಿಕೊಳ್ಳಿ.

ಅಲ್ಲಿ ನೀವು ಇಳಿಯಿರಿ. ಲೈಫ್ ಜಾಕೆಟ್ ಹಾಕಿಕೊಂಡು, ಗೈಡ್ ಹಿಡಿದ ರಬ್ಬರ್ ಟ್ಯೂಬಿಗೆ ಕೈ ಕೊಟ್ಟು, ಮುಖ ನೀರಿಗೆ ಇಟ್ಟು ತೇಲುವುದು. ಇದಕ್ಕೆ ಸ್ನಾರ್ಕ್ಲಿಂಗ್ ಅನ್ನುತ್ತಾರೆ. ಬಾಯಲ್ಲಿ ಕಚ್ಚಿಕೊಂಡ ಕೊಳವೆಯಿಂದ ನೀವು ಎಳೆದುಕೊಳ್ಳುವುದು ಮೇಲಿನ ಮಾಮೂಲಿ ಗಾಳಿಯನ್ನು. ಆಳಕ್ಕೆ ಹೋಗುವುದಿಲ್ಲ, ಹಾಗಾಗಿ ಎದೆಯೊಳಗೆ ಹಿಗ್ಗುವ ಗಾಳಿಯ ಭಯವಿಲ್ಲ. ಎದೆ ಬಿಗಿಯಿತು ಅನ್ನಿಸಿದರೆ ತಲೆ ಎತ್ತಿದರೆ ಸಾಕು. ಹಾಗಂತ ಇದಕ್ಕೂ ಡಾಕ್ಟರಿಗೆ ಒಂದು ಮಾತು ಹೇಳಿಯೇ ಹೋಗಿ, ಎದೆ ಸರಿಯಿಲ್ಲದ ದಿನ ದೋಣಿಯಲ್ಲೇ ಕೂತು ಗಾಜಿನ ತಳದಿಂದ ನೋಡಿ. ಹವಳಕ್ಕೆ ಬೆಳಕು ಬೇಕು, ಹಾಗಾಗಿ ಅದು ದಡದ ಹತ್ತಿರ, ಕಡಿಮೆ ನೀರಿನಲ್ಲೂ ಚೆನ್ನಾಗಿ ಬೆಳೆಯುತ್ತದೆ. ಆಳಕ್ಕೆ ಹೋದಷ್ಟೂ ಕೆಂಪು, ಕಿತ್ತಳೆ ಬಣ್ಣ ಕಣ್ಣಿಗೆ ಕಾಣಿಸದೆ ಎಲ್ಲ ನೀಲಿಯಾಗುತ್ತದೆ. ಮೇಲೆ ತೇಲುವವರಿಗೇ ಬಣ್ಣ ಚೆನ್ನಾಗಿ ಕಾಣುವುದು.

ಮಾಸ್ಕ್ ಹಾಕಿಕೊಂಡ ಮೊದಲ ಒಂದು ನಿಮಿಷ ಬಾಯಲ್ಲಿ ಉಸಿರಾಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ, ಎಲ್ಲರಿಗೂ ಹಾಗೇ. ಮೊಣಕಾಲಷ್ಟು ನೀರಿನಲ್ಲಿ ನಿಂತು ಅಭ್ಯಾಸ ಮಾಡಿ, ಆತುರ ಬೇಡ. ಇನ್‌ಹೇಲರ್ ಹೋಟೆಲ್ ರೂಮಿನಲ್ಲಿ ಬಿಡಬೇಡಿ. ನೀರು ಹೋಗದ ಚೀಲದಲ್ಲಿ ಹಾಕಿ, ಯಾರ ಕೈಯಲ್ಲಿದೆ ಅಂತ ಗೈಡಿಗೂ ಮಗಳಿಗೂ ಹೇಳಿರಿ.